ಅಡಿಕೆ ಹೆಸರಿನ ದ್ವೀಪ: ಜಾರ್ಜ್ ಟೌನನ್ನು ನಡೆದೇ ನೋಡಲು ಮೂರು ದಿನ ಸಾಕೇ?

ತೋಟದಮನೆ, ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಮೊದಲ ವಾರದಲ್ಲಿ ಅಪ್ಪನನ್ನು ಕರೆದುಕೊಂಡು ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಹೊರಟಿದ್ದೇನೆ. ಅಪ್ಪನಿಗೆ 71 ವರ್ಷ. ಜೀವಮಾನವೆಲ್ಲ ಅಡಿಕೆ ತೋಟದಲ್ಲೇ ಕಳೆದವರು. ಶಿವಮೊಗ್ಗ ಮಂಡಿ ಬಿಟ್ಟರೆ ಅವರು ತಾವಾಗಿಯೇ ಆಸೆಪಟ್ಟು ಹೋದ ಊರು ಕಡಿಮೆ. ತಂಗಿ ಕೌಲಾಲಂಪುರದಲ್ಲಿದ್ದಾಳೆ. ಎರಡು ವರ್ಷದಿಂದ ಕರೆದರೂ ‘ಯಾರಿಗೆ ಬೇಕು ಆ ವಿಮಾನ’ ಎನ್ನುತ್ತಿದ್ದವರು, ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ, ಪುಲಾವ್ ಪಿನಾಂಗ್ ಎಂದರೆ ಅಡಿಕೆ ದ್ವೀಪ ಎಂದು ಆಕೆ ಫೋನಿನಲ್ಲಿ ಹೇಳಿದ್ದೇ ತಡ, ಪಾಸ್‌ಪೋರ್ಟ್ ಫೋಟೊ ತೆಗೆಸಲು ತಾವೇ ಹೊರಟರು.

ನನ್ನ ಸಮಸ್ಯೆ ಇಷ್ಟು. ಜಾರ್ಜ್ ಟೌನ್ ಎಂಬ ಹಳೆಯ ಬಂದರು ಪಟ್ಟಣವನ್ನು ನಡೆದೇ ನೋಡಬೇಕೆಂಬುದು ಅಪ್ಪನ ಹಟ. ‘ಕಾರಿನಲ್ಲಿ ಕೂತು ಊರು ನೋಡುವುದು, ರಸ್ತೆಯ ಮೇಲೆ ನಿಂತು ತೋಟದ ಫಸಲನ್ನು ಚೇಣಿ (ಗುತ್ತಿಗೆ) ಹಿಡಿದ ಹಾಗೆ’ ಎನ್ನುತ್ತಾರೆ. ಆದರೆ ಅವರ ಎಡ ಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತದೆ. ಎಲ್ಲಿಂದ ಆರಂಭಿಸಬೇಕು, ದಿನಕ್ಕೆ ಎಷ್ಟು ನಡೆಯಬಹುದು, ಶುದ್ಧ ಸಸ್ಯಾಹಾರಿಗಳು ಹೊಟ್ಟೆಗೆ ಏನು ಮಾಡಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಮೂರು ದಿನ ಬೇಕಾದಷ್ಟಾಯಿತು. ನಾನು ಒಂದೂವರೆ ದಿನದಲ್ಲಿ ಮುಗಿಸಿದ್ದೇನೆ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

‘ಮುಗಿಸಿದೆ’ ಎನ್ನುವುದು ಊಟಕ್ಕೆ ಹೇಳುವ ಮಾತು, ಊರಿಗಲ್ಲ.

ತೋಟದಮನೆಯವರೇ, ಅಳತೆಯಲ್ಲಿ ಊರು ನಿಜಕ್ಕೂ ಚಿಕ್ಕದು. 2008ರ ಜುಲೈನಲ್ಲಿ ಯುನೆಸ್ಕೊ ಮಲಾಕಾ ಪಟ್ಟಣದ ಜೊತೆಗೆ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಜಾರ್ಜ್ ಟೌನಿನ ಮುಖ್ಯ ವಲಯವೆಂದು ಗುರುತಿಸಿದ್ದು ಸುಮಾರು 109 ಹೆಕ್ಟೇರ್. ನಿಮ್ಮ ಅಪ್ಪನಿಗೆ ಎಕರೆಯಲ್ಲಿ ಹೇಳಿ: 270 ಎಕರೆ. ಆದರೆ ಅಷ್ಟರೊಳಗೆ 1,700ಕ್ಕೂ ಹೆಚ್ಚು ಹಳೆಯ ಕಟ್ಟಡಗಳಿವೆ. ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆಯಲ್ಲಿ ಸಾಗಬಹುದು. ನೋಡುತ್ತಾ ಹೋದರೆ ಅರ್ಧ ದಿನವೂ ಸಾಲದು.

ನನ್ನ ಸಲಹೆ ಒಂದೇ: ಬಂದರು ಪಟ್ಟಣವನ್ನು ಕಡಲ ಕಡೆಯಿಂದಲೇ ಪ್ರವೇಶಿಸಬೇಕು. ಕೌಲಾಲಂಪುರದಿಂದ ಬಟರ್‌ವರ್ತ್‌ವರೆಗೆ ನಾಲ್ಕು ಗಂಟೆ ಚಿಲ್ಲರೆಯ ರೈಲು ಪ್ರಯಾಣ. ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ ದೋಣಿಕಟ್ಟೆ ಇದೆ. 1985ರ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋದರೆ ದ್ವೀಪವೆಂಬುದೇ ಮನಸ್ಸಿಗೆ ಬರುವುದಿಲ್ಲ. ಫೆರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಗಾಳಿಗೆ ಮುಖವೊಡ್ಡಿ ನಿಂತರೆ, ಮೊದಲು ಬೆಟ್ಟ, ಆಮೇಲೆ ಮುಗಿಲೆತ್ತರದ ಕೊಮ್‌ತಾರ್ ಗೋಪುರ, ಕೊನೆಗೆ ಹೆಂಚಿನ ಮಾಡುಗಳ ಸಾಲು ಒಂದೊಂದಾಗಿ ಹತ್ತಿರವಾಗುತ್ತವೆ.

ಏಳು ಸುತ್ತು, ಚಿತ್ರದುರ್ಗ

ಒಪ್ಪುವುದಿಲ್ಲ. ಕೋಟೆಯಿಂದಲೇ ಆರಂಭಿಸಬೇಕು. 1786ರ ಆಗಸ್ಟ್ 11ರಂದು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ದ್ವೀಪವನ್ನು ವಶಕ್ಕೆ ತೆಗೆದುಕೊಂಡದ್ದು ಆ ಮೂಲೆಯಲ್ಲೇ. ಫೋರ್ಟ್ ಕಾರ್ನ್‌ವಾಲಿಸ್ ಎಂಬ ಕಲ್ಲಿನ ಕೋಟೆ ಕಟ್ಟಿದ ಬಳಿಕ ಊರು ಅದರ ಸುತ್ತ ಬೆಳೆಯಿತು. ಹೆಸರು ಗಮನಿಸಿ; ನಮ್ಮ ಟಿಪ್ಪುವನ್ನು ಕೊಂದ ಕಾರ್ನ್‌ವಾಲಿಸನದೇ ಹೆಸರು.

ನಿವೃತ್ತ ಮೇಷ್ಟ್ರು, ಹಿರಿಯೂರು

ಏಳು ಸುತ್ತು ಅವರ ಮಾತಿನಲ್ಲಿ ಎರಡು ತಿದ್ದುಪಡಿಗಳು ಬೇಕಾಗಿವೆ.

ಮೊದಲನೆಯದು, ಅದು ಕಲ್ಲಿನ ಕೋಟೆಯಲ್ಲ, ಇಟ್ಟಿಗೆಯದು. ಅದೂ ಲೈಟನ ಕಾಲದ್ದಲ್ಲ. ಅವನು ಹಾಕಿಸಿದ್ದು ನಿಬಾಂಗ್ ಎಂಬ, ನಮ್ಮ ಅಡಿಕೆಯ ದೂರದ ನೆಂಟನಾದ ಮರದ ಕಾಂಡಗಳ ಬೇಲಿಯನ್ನು. ಇಂದು ಕಾಣುವ ಇಟ್ಟಿಗೆ ಗೋಡೆಯನ್ನು 19ನೇ ಶತಮಾನದ ಮೊದಲ ದಶಕದಲ್ಲಿ ಕೈದಿಗಳ ದುಡಿಮೆಯಿಂದ ಎಬ್ಬಿಸಿದರು. ಎರಡನೆಯದು, ಟಿಪ್ಪು ಸುಲ್ತಾನ್ ಮಡಿದದ್ದು 1799ರ ಮೇ ತಿಂಗಳಲ್ಲಿ. ಆ ವೇಳೆಗೆ ಕಾರ್ನ್‌ವಾಲಿಸ್ ಭಾರತವನ್ನು ಬಿಟ್ಟು ಹೋಗಿ ವರ್ಷಗಳಾಗಿದ್ದವು. ಅವನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಅರ್ಧ ರಾಜ್ಯವನ್ನು ಕಿತ್ತುಕೊಂಡು, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದದ್ದು 1792ರಲ್ಲಿ.

1799ರ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಗೂ ಈ ದ್ವೀಪಕ್ಕೂ ನಂಟಿದೆ. 1797ರಲ್ಲಿ ಮನಿಲಾದ ಮೇಲೆ ದಂಡೆತ್ತಲು ಹೊರಟ ಪಡೆಯೊಡನೆ ಅವನು ಪೆನಾಂಗಿನಲ್ಲಿ ಇಳಿದಿದ್ದ. ದಂಡಯಾತ್ರೆ ಅಲ್ಲಿಗೇ ನಿಂತು ವಾಪಸು ಕರೆ ಬಂತು. ಅವನ ಅಣ್ಣ, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರನ್ನು ದ್ವೀಪದ ಎದುರಿನ ನಾಡಿಗೆ ಇಟ್ಟಿದ್ದರು. ಜೋಗಿಮಟ್ಟಿಯವರು ಹೇಳಿದ ಬಟರ್‌ವರ್ತ್ ಇರುವುದು ಆ ನಾಡಿನಲ್ಲೇ. ಮೈಸೂರು ರಾಜ್ಯವನ್ನು ಮುರಿದವರ ಹೆಸರುಗಳನ್ನೆಲ್ಲ ಕಡಲಾಚೆ ಹಲಗೆಗಳ ಮೇಲೆ ಓದುವಾಗ ಒಂದು ಬಗೆಯ ವಿಚಿತ್ರ ಸಂಕಟವಾಗುತ್ತದೆ.

ಏಳು ಸುತ್ತು, ಚಿತ್ರದುರ್ಗ

ತಿದ್ದುಪಡಿಗೆ ಧನ್ಯವಾದ ಮೇಷ್ಟ್ರೇ. ಕಲ್ಲು ಎಂದದ್ದು ನಮ್ಮೂರಿನ ಅಭ್ಯಾಸಬಲ. ಆದರೂ ಆರಂಭ ಕೋಟೆಯಿಂದಲೇ ಆಗಬೇಕೆಂಬ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಪೇಟೆ ಬೀದಿ, ದಾವಣಗೆರೆ

ಚಿತ್ರದುರ್ಗ ಜಿಲ್ಲೆಯಿಂದ ಹೋದವರು ಆ ಕೋಟೆಯಿಂದ ಆರಂಭಿಸಿದರೆ ಊರಿನ ಮೇಲಿನ ಗೌರವವೇ ಹೋಗಿಬಿಡುತ್ತದೆ. ಗೋಡೆಯ ಎತ್ತರ ಹತ್ತಡಿ. ಒಂದು ಯುದ್ಧವನ್ನೂ ಕಾಣಲಿಲ್ಲ. ನಮ್ಮ ಕೋಟೆಯ ಗೋಪಾಲಸ್ವಾಮಿ ಹೊಂಡದ ತನಕ ಏದುಸಿರು ಬಿಟ್ಟುಕೊಂಡು ಹತ್ತಿದವರಿಗೆ ಅದು ಕೋಟೆಯಂತಲ್ಲ, ದನದ ದೊಡ್ಡಿಯ ಪಾಗಾರದಂತೆ ಕಾಣುತ್ತದೆ.

ನಿವೃತ್ತ ಮೇಷ್ಟ್ರು, ಹಿರಿಯೂರು

ಪೇಟೆ ಬೀದಿಯವರೇ, ಹತ್ತಡಿ ಗೋಡೆಯನ್ನು ನಗುವ ಮುಂಚೆ ಅದನ್ನು ಕಟ್ಟಿದವರನ್ನು ನೆನೆಯೋಣ. ಕೈದಿಗಳು ಎಂದೆನಲ್ಲ, ಅವರು ಬಹುಪಾಲು ಭಾರತದಿಂದ ಗಡೀಪಾರಾದವರು. ಅಂಡಮಾನಿನ ಸೆರೆಮನೆಗೂ ಬಹಳ ಮುಂಚೆ ಕಂಪನಿಯ ‘ಕಾಲಾಪಾನಿ’ಗಳಲ್ಲಿ ಇದೂ ಒಂದಾಗಿತ್ತು, ರಸ್ತೆ, ಕಾಲುವೆ, ಕಟ್ಟಡಗಳು ಅವರ ಬೆನ್ನಿನ ಮೇಲೆ ಎದ್ದವು. ತಮಿಳು ನಾಡಿನ ಪಾಳೆಯಗಾರರ ದಂಗೆಯನ್ನು 1801ರಲ್ಲಿ ಹತ್ತಿಕ್ಕಿದ ಮೇಲೆ, ದಂಗೆಯ ಮುಂದಾಳುಗಳಾದ ಮರುದು ಸಹೋದರರ ಕಡೆಯವರೂ ಸೇರಿ 70ಕ್ಕೂ ಹೆಚ್ಚು ಜನರನ್ನು 1802ರಲ್ಲಿ ಹಡಗು ಹತ್ತಿಸಿ ಕಳುಹಿಸಿದ್ದು ಈ ದ್ವೀಪಕ್ಕೆ. ಪಾಳೆಯಗಾರರ ಊರಿನವರಾದ ನಾವು, 1779ರಲ್ಲಿ ಮದಕರಿ ನಾಯಕನ ಗತಿ ಏನಾಯಿತೆಂದು ಬಲ್ಲವರು, ಅಲ್ಲಿ ಎರಡು ನಿಮಿಷವಾದರೂ ನಿಲ್ಲಬೇಕು.

ಇನ್ನೊಂದು ಮಾತು. ಕೆದಾ ರಾಜ್ಯದ ಸುಲ್ತಾನ ದ್ವೀಪವನ್ನು ಬಿಟ್ಟುಕೊಟ್ಟದ್ದು, ಸಯಾಮಿನವರು (ಇಂದಿನ ಥಾಯ್ಲೆಂಡಿನವರು) ಮೇಲೆ ಬಿದ್ದರೆ ಕಂಪನಿ ಸೈನ್ಯ ಕೊಡುತ್ತದೆಂಬ ನಂಬಿಕೆಯಿಂದ. ಕಂಪನಿ ಅಂಥ ಮಾತನ್ನೇ ಕೊಡಲಿಲ್ಲ. ಲೈಟ್ ಅದನ್ನು ಸುಲ್ತಾನನಿಗೆ ಸ್ಪಷ್ಟವಾಗಿ ಹೇಳಲೂ ಇಲ್ಲ. 1791ರಲ್ಲಿ ಸುಲ್ತಾನ ದ್ವೀಪವನ್ನು ಮರಳಿ ಪಡೆಯಲು ಹೊರಟು ಸೋತ. ಕೊನೆಗೆ ವರ್ಷಕ್ಕೆ 6,000 ಸ್ಪ್ಯಾನಿಷ್ ಡಾಲರಿಗೆ ಒಪ್ಪಂದವಾಯಿತು. ಕೋಟೆಯಲ್ಲಿ ಲೈಟನ ಪ್ರತಿಮೆ ಇದೆ. ಅವನ ಚಿತ್ರಪಟ ಸಿಗದೆ, ಮಗನ ಮುಖಚರ್ಯೆಯನ್ನು ನೋಡಿ ಎರಕ ಹೊಯ್ದರಂತೆ. ಅವನ ನಿಜವಾದ ಮುಖ ಯಾರಿಗೂ ಗೊತ್ತಿಲ್ಲವೆಂಬುದು ನನಗೆ ತಕ್ಕದ್ದಾಗಿಯೇ ತೋರಿತು.

ತೋಟದಮನೆ, ಚನ್ನಗಿರಿ

ಅಪ್ಪನಿಗೆ ಇವನ್ನೆಲ್ಲ ಓದಿ ಹೇಳಿದೆ. ಕೋಟೆಯ ಮೊದಲ ಬೇಲಿ ಅಡಿಕೆಯ ನೆಂಟನದು ಎಂಬಲ್ಲಿಗೆ ಬಂದಾಗ, ‘ಹಾಗಾದರೆ ದಬ್ಬೆ (ಸೀಳಿದ ಕಾಂಡ) ಬೇಲಿ ಅನ್ನು, ಅದಕ್ಕೆ ಕೋಟೆ ಅಂತ ಯಾಕೆ ಹೆಸರು’ ಎಂದರು. ನಡೆಯುವ ದಾರಿಯ ಬಗ್ಗೆ ಇನ್ನಷ್ಟು ಹೇಳಿ. ನೆರಳು ಸಿಗುತ್ತದೆಯೇ?

ಕಾಲುದಾರಿ, ಹೊಸದುರ್ಗ

ನೆರಳಿನ ಪ್ರಶ್ನೆ ಬಂದದ್ದರಿಂದ ಬರೆಯುತ್ತಿದ್ದೇನೆ. ಕೆಲಸದ ನಿಮಿತ್ತ ಜಾರ್ಜ್ ಟೌನಿನಲ್ಲಿ ಏಳು ತಿಂಗಳು ಇದ್ದವನು ನಾನು. ಅಷ್ಟೂ ದಿನ ವಾಹನವಿಲ್ಲದೆ ಕಳೆದಿದ್ದೇನೆ.

ಆ ಊರಿನ ಅಂಗಡಿಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮುಖ ಕಿರಿದು, ಒಳಗೆ ಉದ್ದ. ಕೆಳಗೆ ವ್ಯಾಪಾರ, ಮೇಲೆ ವಾಸ. ಮೇಲಂತಸ್ತು ಬೀದಿಯ ಕಡೆ ಚಾಚಿಕೊಂಡಿರುವುದರಿಂದ ಅದರ ಅಡಿಯಲ್ಲಿ ಮನೆಯಿಂದ ಮನೆಗೆ ಹಾಯುವ ಜಗಲಿಯಂಥ ಓಣಿ ಸಿಗುತ್ತದೆ. ಅದನ್ನು ಮಲಯದಲ್ಲಿ ‘ಕಾಕಿ ಲೀಮಾ’ ಎನ್ನುತ್ತಾರೆ. ಕಾಕಿ ಎಂದರೆ ಅಡಿ, ಲೀಮಾ ಎಂದರೆ ಐದು. ಐದಡಿ ಅಗಲದ ಈ ನೆರಳಿನ ದಾರಿ ಬಿಸಿಲಿಗೂ ಮಳೆಗೂ ಆಸರೆ. ಆದರೆ ಇದನ್ನು ನಂಬಿ ಕಣ್ಣು ಮುಚ್ಚಿ ನಡೆಯಬೇಡಿ. ಪ್ರತಿ ಮನೆಯ ಜಗಲಿಯ ಮಟ್ಟವೂ ಬೇರೆ. ಇಲ್ಲಿ ಒಂದು ಗೇಣು ಏರು, ಅಲ್ಲಿ ಅರ್ಧ ಗೇಣು ಇಳಿ. ನಡುವೆ ಯಾರದೋ ಸ್ಕೂಟರು, ಯಾರದೋ ಅಕ್ಕಿ ಮೂಟೆ, ಯಾರದೋ ಪೂಜೆಯ ಊದುಬತ್ತಿ. ಕೆಲವು ಕಡೆ ದಾರಿಗೆ ಅಡ್ಡಲಾಗಿ ಗೋಡೆಯೇ ಎದ್ದಿರುತ್ತದೆ. ಆಗ ಬೀದಿಗಿಳಿದು ಮತ್ತೆ ಹತ್ತಬೇಕು. ಬೀದಿಗೂ ಜಗಲಿಗೂ ನಡುವೆ ಆಳವಾದ ಚರಂಡಿ ಇರುತ್ತದೆ. ಮೊಣಕಾಲಿನ ನೋವಿರುವವರಿಗೆ ಬೆಟ್ಟಕ್ಕಿಂತ ಈ ಗೇಣಿನ ಏರಿಳಿತಗಳೇ ಹೆಚ್ಚು ಕಾಡುತ್ತವೆ. ಊರುಗೋಲು ಕಡ್ಡಾಯವಾಗಿ ಇರಲಿ.

ಬಾಗಿಲು ತೆರೆದಿರುವ ಮನೆಗಳ ಒಳಗೆ ಒಮ್ಮೆ ಇಣುಕಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಇದ್ದೇ ಇರುತ್ತದೆ. ಮಳೆ ಬಂದರೆ ನಾಲ್ಕೂ ಮಾಡುಗಳ ನೀರು ಅಲ್ಲಿಗೇ ಸುರಿಯುತ್ತದೆ. ನಮ್ಮಜ್ಜಿಯ ತೊಟ್ಟಿಮನೆಯನ್ನು ಎರಡೂ ಬದಿಯಿಂದ ಒತ್ತಿ ಉದ್ದ ಮಾಡಿದರೆ ಹೇಗಿರುತ್ತದೋ ಹಾಗೆ.

ಸಮಯದ ವಿಚಾರ: ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಬೆಳಿಗ್ಗೆ ಏಳೂವರೆಗೆ ಹೊರಟು ಹನ್ನೊಂದಕ್ಕೆ ನಿಲ್ಲಿಸಿ, ಸಂಜೆ ಐದರ ಮೇಲೆ ಮತ್ತೆ ಹೊರಡಿ. ಭೂಮಧ್ಯರೇಖೆಗೆ ಐದೂವರೆ ಡಿಗ್ರಿಯಷ್ಟೇ ದೂರದ ಊರದು. ದಾವಣಗೆರೆಯ ಏಪ್ರಿಲ್ ಬಿಸಿಲು ತಿಂದವರಿಗೂ ಅಲ್ಲಿಯ ಬೆವರು ಹೊಸದು. ಫೆಬ್ರವರಿ ಒಳ್ಳೆಯ ಆಯ್ಕೆ, ಮಳೆ ಕಡಿಮೆ.

ಪೇಟೆ ಬೀದಿ, ದಾವಣಗೆರೆ

ಕಾಲು ಸೋತರೆ ಹಳೆಯ ಪಟ್ಟಣದೊಳಗೆ ಸುತ್ತುವ ಉಚಿತ ಬಸ್ಸು ಇದೆ. ದೋಣಿಕಟ್ಟೆಯ ಹತ್ತಿರವೇ ಹೊರಡುತ್ತದೆ. ಇದನ್ನು ಯಾರೂ ಹೇಳದಿರುವುದು ಆಶ್ಚರ್ಯ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ನಡಿಗೆಯ ಚರ್ಚೆಯಲ್ಲಿ ಬಸ್ಸಿನ ಪ್ರಚಾರವೇ? ಇರಲಿ, 71ರ ಮೊಣಕಾಲಿಗೆ ಕ್ಷಮೆ ಇದೆ.

ಕಡಲ ಕಡೆಯಿಂದ ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಕೊಡುತ್ತೇನೆ. ದೋಣಿಯಿಂದ ಇಳಿದರೆ ಮೊದಲು ಸಿಗುವುದು ವೆಲ್ಡ್ ಕೀ ಎಂಬ ದಂಡೆಯ ರಸ್ತೆ. ಅದನ್ನು ದಾಟಿ ಒಳಗೆ ಹೋದರೆ ಬೀಚ್ ಸ್ಟ್ರೀಟ್, ಮಲಯದಲ್ಲಿ ಲೆಬುಹ್ ಪಂತಾಯ್. ಪಂತಾಯ್ ಎಂದರೆ ಕಡಲತೀರ. ಅಲ್ಲಿ ನಿಂತು ನೋಡಿ, ಕಡಲಿಲ್ಲ! ದೊಡ್ಡ ದೊಡ್ಡ ಬ್ಯಾಂಕು ಕಟ್ಟಡಗಳಿವೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಡಲನ್ನು ತುಂಬಿ ದಂಡೆಯನ್ನು ಮುಂದೆ ತಳ್ಳಿದ್ದರಿಂದ ‘ತೀರದ ಬೀದಿ’ ಒಳನಾಡಿನ ಬೀದಿಯಾಗಿಬಿಟ್ಟಿತು. ಹಾಗೆ ತುಂಬಿದ ನೆಲದ ಮೇಲೆ ಮುಂದುವರಿದ ಬೀದಿಯ ತುಂಡುಗಳಿಗೆ ಇಂದಿಗೂ ‘ಗಾಟ್’ ಎಂಬ ಮುಂಪದವಿದೆ: ಗಾಟ್ ಲೆಬುಹ್ ಅರ್ಮೇನಿಯನ್, ಗಾಟ್ ಲೆಬುಹ್ ಚುಲಿಯಾ ಎಂಬಂತೆ. ಬೇರೇನಲ್ಲ, ನಮ್ಮ ಸ್ನಾನಘಟ್ಟದ ‘ಘಟ್ಟ’. ನಾಮಫಲಕದಲ್ಲಿ ಗಾಟ್ ಎಂದು ಕಂಡರೆ ನೀವು ಹಳೆಯ ಕಡಲಿನ ಮೇಲೆ ನಿಂತಿದ್ದೀರಿ ಎಂದರ್ಥ. ಹಲಗೆ ಓದುತ್ತಾ ನಡೆದರೆ ಸಾಕು, ಮಾರ್ಗದರ್ಶಿ ಬೇಕಿಲ್ಲ.

ಏಳು ಸುತ್ತು, ಚಿತ್ರದುರ್ಗ

ಇದು ನನಗೆ ತಿಳಿದಿರಲಿಲ್ಲ. ಆ ಹಲಗೆಗಳನ್ನು ಎಷ್ಟೋ ಸಲ ಓದಿದ್ದೇನೆ, ‘ಗೇಟ್’ ಎಂದೇ ಅಂದುಕೊಂಡಿದ್ದೆ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಅರ್ಮೇನಿಯನ್ ಬೀದಿಯ ಗೋಡೆಚಿತ್ರಗಳ ಬಗ್ಗೆ ಒಬ್ಬರೂ ಮಾತನಾಡಿಲ್ಲವಲ್ಲ. ಸೈಕಲ್ ಮೇಲಿನ ಇಬ್ಬರು ಮಕ್ಕಳ ಚಿತ್ರದ ಮುಂದೆ ಫೋಟೊ ತೆಗೆಸಿಕೊಳ್ಳದೆ ಬಂದರೆ ಹೋದದ್ದಕ್ಕೆ ಸಾಕ್ಷಿಯೇ ಇಲ್ಲ.

ಕಾಲುದಾರಿ, ಹೊಸದುರ್ಗ

ಇದಕ್ಕೇ ನಿಮಗೆ ಒಂದೂವರೆ ದಿನ ಸಾಕಾಯಿತು. 2012ರಲ್ಲಿ ಬರೆದ ಚಿತ್ರವದು. ಚೆನ್ನಾಗಿದೆ, ನಿಜವಾದ ಸೈಕಲ್ಲನ್ನೇ ಗೋಡೆಗೆ ನಿಲ್ಲಿಸಿದ ಉಪಾಯ ನನಗೂ ಹಿಡಿಸಿತು. ಆದರೆ ಅದರ ಮುಂದೆ ನಲವತ್ತು ಜನರ ಸಾಲು ನಿಂತಿರುವಾಗ, ಅದೇ ಬೀದಿಯ 120ನೇ ನಂಬರಿನ ಮನೆಯನ್ನು ಕಣ್ಣೆತ್ತಿ ನೋಡುವವರು ಬೆರಳೆಣಿಕೆಯಷ್ಟು. ಚೀನಾದ ಸುನ್ ಯಾತ್ ಸೆನ್ 1910ರಲ್ಲಿ ತಮ್ಮ ಕ್ರಾಂತಿಯ ಸಿದ್ಧತೆ ನಡೆಸಿದ್ದು ಆ ಮನೆಯಿಂದ. ಮರುವರ್ಷವೇ ಅಲ್ಲಿ ಚಕ್ರವರ್ತಿಗಳ ಆಳ್ವಿಕೆ ಉರುಳತೊಡಗಿತು. ಅದೂ ಒಂದು ಅಂಗಡಿಮನೆಯೇ, ಅದೇ ತೊಟ್ಟಿ, ಅದೇ ಕಿರಿದಾದ ಮುಖ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಫೋಟೊ ತೆಗೆಸಿಕೊಂಡವರೆಲ್ಲ ದಡ್ಡರು ಎಂಬ ಧ್ವನಿ ಬೇಡ. ಆ ಚಿತ್ರಗಳು ಬಂದ ಮೇಲೆ ಆ ಬೀದಿಗಳಲ್ಲಿ ನಾಲ್ಕು ಜನ ಬದುಕು ಕಟ್ಟಿಕೊಂಡಿದ್ದಾರೆ.

ಪೇಟೆ ಬೀದಿ, ದಾವಣಗೆರೆ

ನಾಲ್ಕು ಜನ ಬದುಕು ಕಟ್ಟಿಕೊಂಡರು, ನಿಜ. ನಾಲ್ಕು ಸಾವಿರ ಜನ ಗಂಟುಮೂಟೆ ಕಟ್ಟಿಕೊಂಡು ಹೋದರು ಎಂಬುದನ್ನೂ ಸೇರಿಸಿ. (ಸಂಖ್ಯೆ ಮಾತಿನ ವರಸೆ, ಲೆಕ್ಕವಲ್ಲ.)

ಅಷ್ಟು ಹಳೆಯ ಮನೆಗಳು ಉಳಿದದ್ದು ಹೇಗೆಂದು ಯಾರಾದರೂ ಯೋಚಿಸಿದ್ದೀರಾ? ಪರಂಪರೆಯ ಪ್ರೀತಿಯಿಂದಲ್ಲ, ಬಾಡಿಗೆಯಿಂದ. 1966ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಯುದ್ಧಪೂರ್ವದ ಮನೆಗಳ ಬಾಡಿಗೆಯನ್ನು ಏರಿಸುವಂತಿರಲಿಲ್ಲ. ಬಾಡಿಗೆಯೇ ಏರದಿದ್ದಾಗ ಮಾಲೀಕ ರಿಪೇರಿ ಮಾಡಿಸಲಿಲ್ಲ, ಬಾಡಿಗೆದಾರ ಬಿಡಲಿಲ್ಲ, ಕೆಡವಿ ಕಟ್ಟುವುದಂತೂ ದೂರವೇ ಉಳಿಯಿತು. 1969ರಲ್ಲಿ ಸುಂಕಮುಕ್ತ ಬಂದರೆಂಬ ಸ್ಥಾನವೂ ಹೋಗಿ ವ್ಯಾಪಾರ ಕುಸಿದ ಮೇಲೆ ಊರು ಇದ್ದಲ್ಲೇ ನಿಂತುಬಿಟ್ಟಿತು. ಬುಟ್ಟಿ ಹೆಣೆಯುವವರು, ತವರದ ಕೆಲಸದವರು, ದೇವರ ಹಲಗೆ ಕೆತ್ತುವವರು ತಲೆಮಾರುಗಳಿಂದ ಅದೇ ಮನೆಗಳಲ್ಲಿದ್ದರು. 2000ದ ಆರಂಭದಲ್ಲಿ ಆ ನಿಯಂತ್ರಣ ತೆಗೆದದ್ದೇ ಬಾಡಿಗೆ ಹಲವು ಪಟ್ಟು ಜಿಗಿಯಿತು. ಜನ ಖಾಲಿ ಮಾಡಿದರು. ಇಂದು ಆ ಜಾಗಗಳಲ್ಲಿ ಕಾಫಿ ಅಂಗಡಿಗಳೂ ಪುಟ್ಟ ಹೋಟೆಲುಗಳೂ ಕೂತಿವೆ.

ನಮ್ಮ ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ಆ ಬೀದಿಗಳು ಹೇಗಾದವೆಂದು ಕಂಡವನಾದ್ದರಿಂದ ನನಗೆ ಅಲ್ಲಿ ಬಣ್ಣ ಬಳಿದ ಕಿಟಕಿಗಳಿಗಿಂತ ಬೀಗ ಹಾಕಿದ ಬಾಗಿಲುಗಳೇ ಹೆಚ್ಚು ಕಂಡವು.

ಚಂದ್ರವಳ್ಳಿ, ಚಿತ್ರದುರ್ಗ

ಪೇಟೆ ಬೀದಿಯವರ ಮಾತು ಅರ್ಧ ಸತ್ಯ. ಬಿಟ್ಟು ಹೋಗದವರೂ ಇದ್ದಾರೆ. ಚೌರಸ್ತಾ ಎಂದು ನಾನೇ ಹೆಸರಿಟ್ಟುಕೊಂಡಿರುವ ಒಂದು ಕಿಲೋಮೀಟರಿನೊಳಗಿನ ದಾರಿಯನ್ನು ಸಂಜೆ ಆರರ ಹೊತ್ತಿಗೆ ನಡೆದು ನೋಡಿ. ಉತ್ತರದ ತುದಿಯಲ್ಲಿ 1818ರ ಸೇಂಟ್ ಜಾರ್ಜ್ ಚರ್ಚು. ನಾಲ್ಕು ಹೆಜ್ಜೆ ಮುಂದೆ ಕರುಣೆಯ ದೇವಿ ಕುವಾನ್ ಯಿನ್‌ಳ ಚೀನೀ ಗುಡಿ, ಅಲ್ಲಿ ಆಳೆತ್ತರದ ಊದುಬತ್ತಿ ಉರಿಯುತ್ತಿರುತ್ತದೆ. ಪಕ್ಕದ ಕ್ವೀನ್ ಬೀದಿಗೆ ಹೊರಳಿದರೆ 1833ರ ಮಹಾಮಾರಿಯಮ್ಮನ ಗುಡಿ. ಹೆಸರು ಕೇಳಿ ನನ್ನ ಹೆಂಡತಿ ‘ನಮ್ಮ ಮಾರಮ್ಮನೇ’ ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮತ್ತೆ ತುಸು ದಕ್ಷಿಣಕ್ಕೆ ನಡೆದರೆ, ಚುಲಿಯಾಗಳೆಂದು ಕರೆಯಲಾಗುತ್ತಿದ್ದ ತಮಿಳು ಮುಸಲ್ಮಾನ ವರ್ತಕರು 1801ರಲ್ಲಿ ನೆಲೆ ಹಾಕಿದ ಕಪಿತಾನ್ ಕೆಲಿಂಗ್ ಮಸೀದಿ. ಗಂಟೆ, ಮಂಗಳಾರತಿ, ಬಾಂಗು ಮೂರೂ ಒಂದರ ಹಿಂದೊಂದು ಕಿವಿಗೆ ಬೀಳುತ್ತವೆ. ಅಲ್ಲಿ ಪೂಜೆ ಮಾಡುವವರು ಪ್ರವಾಸಿಗರಲ್ಲ.

ಒಂದು ಎಚ್ಚರಿಕೆ: ‘ಕೆಲಿಂಗ್’ ಎಂಬುದು ಕಳಿಂಗದಿಂದ ಬಂದ ಹಳೆಯ ಮಾತಾದರೂ ಈಗ ಭಾರತೀಯ ಮೂಲದವರನ್ನು ಹೀನಾಯಿಸುವ ಬೈಗುಳವಾಗಿದೆ. ಮಸೀದಿಯ ಹೆಸರಿನಾಚೆ ಅದನ್ನು ಬಾಯಿಗೆ ತರಬೇಡಿ.

ಬೆಣ್ಣೆ ಖಾಲಿ, ದಾವಣಗೆರೆ

ಊಟದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಎಲ್ಲರೂ ಇತಿಹಾಸ ತಿಂದೇ ಬದುಕುತ್ತೀರೇನು?

ಕಾಲುದಾರಿ, ಹೊಸದುರ್ಗ

ಹೇಳುತ್ತೇನೆ. ಲಿಟಲ್ ಇಂಡಿಯಾ ಬೀದಿಗಳಲ್ಲಿ ಬಾಳೆ ಎಲೆ ಊಟ, ಇಡ್ಲಿ, ದೋಸೆ ಯಥೇಚ್ಛ. ಹೊರಗೆ ಮಾತ್ರ ‘ಸಯುರ್’, ಅಂದರೆ ತರಕಾರಿ, ಎಂದು ಹೇಳಿದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಬೆಲಾಚಾನ್ ಎಂಬ ಸಿಗಡಿ ಮುದ್ದೆಯನ್ನು ಹಾಕಿ ಹುರಿಯುತ್ತಾರೆ. ಅಲ್ಲಿಯ ಹೆಸರಾಂತ ಲಕ್ಸಾ ಸಾರಿನ ಜೀವಾಳವೇ ಮೀನು. ಬೌದ್ಧರು ನಡೆಸುವ ಚೀನೀ ಸಸ್ಯಾಹಾರಿ ಊಟದ ಮನೆಗಳು ನಂಬಿಕೆಗೆ ಯೋಗ್ಯ. ಹಲವು ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಆದರೆ ತಟ್ಟೆಯಲ್ಲಿ ಥೇಟ್ ಮಾಂಸದಂತೆ ಕಾಣುವ ಸೋಯಾ ತುಂಡು ಬಂದರೆ ಅಪ್ಪ ಎದ್ದು ಹೋಗದಂತೆ ಮೊದಲೇ ತಿಳಿಸಿ. ನನ್ನ ಜೊತೆ ಬಂದಿದ್ದ ಹಿರಿಯರೊಬ್ಬರು ಎದ್ದೇ ಹೋದರು. ಆ ದಿನ ಬಾಳೆಹಣ್ಣಿನ ಮೇಲೆ ಕಳೆಯಿತು.

ಬೆಣ್ಣೆ ಖಾಲಿ, ದಾವಣಗೆರೆ

ಅಲ್ಲಿಯ ದೋಸೆಗೆ ಬೆಣ್ಣೆ?

ಕಾಲುದಾರಿ, ಹೊಸದುರ್ಗ

ಆ ವಿಷಯ ಎತ್ತಬೇಡಿ, ನೋವಾಗುತ್ತದೆ.

ತೋಟದಮನೆ, ಚನ್ನಗಿರಿ

ಅಪ್ಪ ಎರಡು ಪ್ರಶ್ನೆ ಕೇಳಲು ಹೇಳಿದ್ದಾರೆ. ಒಂದು, ನಮ್ಮ ತೋಟದ ರಾಶಿ ಅಡಿಕೆಯನ್ನು ಕಾಲು ಕಿಲೊ ಒಯ್ಯಬಹುದೇ? ಎರಡು, ಅಲ್ಲಿಯ ತಳಿಯ ನಾಲ್ಕು ಬೀಜದ ಗೋಟು, ಅಂದರೆ ಬಿತ್ತನೆಯ ಅಡಿಕೆ, ತರಬಹುದೇ?

ನಿವೃತ್ತ ಮೇಷ್ಟ್ರು, ಹಿರಿಯೂರು

ಎರಡನೆಯದಕ್ಕೆ ಖಡಾಖಂಡಿತವಾಗಿ ಇಲ್ಲ. ಬೀಜವನ್ನು ಗಡಿ ದಾಟಿಸಲು ಅನುಮತಿ ಪತ್ರ ಬೇಕು. ಎಲೆಚುಕ್ಕಿ ರೋಗದಿಂದ ಮಲೆನಾಡಿನ ತೋಟಗಳು ಈಗಾಗಲೇ ಬಳಲುತ್ತಿರುವಾಗ ಹೊಸ ರೋಗವನ್ನು ಜೇಬಿನಲ್ಲಿ ತರುವುದು ಬೇಡ. ಒಯ್ಯುವುದನ್ನೂ ಬಿಡುವುದೇ ಕ್ಷೇಮ, ಒಯ್ದರೆ ಸುಂಕದ ಕಟ್ಟೆಯಲ್ಲಿ ಘೋಷಿಸಬೇಕು. ಹಾಗೆಯೇ, ಭಾರತೀಯರಿಗೆ 2023ರ ಡಿಸೆಂಬರ್‌ನಿಂದ 30 ದಿನಗಳ ಮಟ್ಟಿಗೆ ವೀಸಾ ವಿನಾಯಿತಿ ಸಿಕ್ಕಿದೆಯಾದರೂ ಆಗಮನದ ಡಿಜಿಟಲ್ ಚೀಟಿಯನ್ನು ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ನಿಯಮ ಬದಲಾಗಿದೆಯೇ ಎಂದು ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ.

ಅಪ್ಪನಿಗೆ ಸಮಾಧಾನವಾಗಲು ಇದನ್ನು ಹೇಳಿ. ಮಲಯದಲ್ಲಿ ಹೆಣ್ಣು ಕೇಳಲು ಹೋಗುವುದಕ್ಕೆ ‘ಮೆಮಿನಾಂಗ್’ ಎನ್ನುತ್ತಾರೆ. ಪಿನಾಂಗ್‌ನಿಂದಲೇ ಹುಟ್ಟಿದ ಕ್ರಿಯಾಪದ. ಎಲೆ ಅಡಿಕೆ ಇಟ್ಟು ಮಾತು ಮುಗಿಸುವುದು ಅವರಲ್ಲೂ ಪದ್ಧತಿ. ಇನ್ನು, ಜಗತ್ತೆಲ್ಲ ಅಡಿಕೆಯನ್ನು ‘ಅರೆಕಾ’ ಎನ್ನುವುದು ನಮ್ಮ ಕಡೆಯ ಅಡಿಕೆ, ಅಡಕ್ಕ ಎಂಬ ಮಾತು ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡದ್ದರಿಂದ. ಮರ ಅವರ ಕಡೆಯದು, ಹೆಸರು ನಮ್ಮ ಕಡೆಯದು.

ಚಂದ್ರವಳ್ಳಿ, ಚಿತ್ರದುರ್ಗ

ಅಲ್ಲಿ ನಡಿಗೆಗೂ ಚೆಂದದ ಮಾತಿದೆ. ಜಲಾನ್ ಎಂದರೆ ರಸ್ತೆ. ಎರಡು ಸಲ ಹೇಳಿ ಜಲಾನ್-ಜಲಾನ್ ಎಂದರೆ ಸುಮ್ಮನೆ ಸುತ್ತಾಡುವುದು. ‘ಎಲ್ಲಿಗೆ?’ ಎಂದು ಕೇಳಿದವರಿಗೆ ಇದನ್ನು ಹೇಳಿದರೆ ಮತ್ತೆ ಪ್ರಶ್ನೆ ಬರುವುದಿಲ್ಲ.

ತೋಟದಮನೆ, ಚನ್ನಗಿರಿ (ಪ್ರವಾಸದ ನಂತರ)

ಮೊನ್ನೆ ಊರಿಗೆ ಬಂದೆವು. ಸಲಹೆ ಕೊಟ್ಟವರಿಗೆಲ್ಲ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಜೋಗಿಮಟ್ಟಿಯವರ ಮಾತಿನಂತೆ ದೋಣಿಯಲ್ಲೇ ಇಳಿದೆವು, ಏಳು ಸುತ್ತು ಅವರ ಕೋಟೆಯನ್ನು ಎರಡನೇ ದಿನಕ್ಕೆ ಇಟ್ಟೆವು. ಮೊದಲ ಬೆಳಿಗ್ಗೆ ದಂಡೆಯ ಚ್ಯೂ ಜೆಟ್ಟಿಗೆ ಹೋದೆವು. ಇದರ ಬಗ್ಗೆ ಇಲ್ಲಿ ಯಾರೂ ಬರೆದಿರಲಿಲ್ಲ, ತಂಗಿ ಹೇಳಿದ್ದು. ಚೀನಾದಿಂದ ಬಂದ ಒಂದೊಂದು ಕುಲದವರು ಒಂದೊಂದು ದೋಣಿಕಟ್ಟೆ ಹಾಕಿಕೊಂಡು, ಅದರ ಮೇಲೆಯೇ ಮನೆ ಕಟ್ಟಿದ್ದಾರೆ. ಚ್ಯೂ ಕುಲದ್ದು ಎಲ್ಲಕ್ಕಿಂತ ದೊಡ್ಡದು. ನೆಲವೇ ಇಲ್ಲ, ಕೆಳಗೆ ಕಡಲು, ಮೇಲೆ ಹಲಗೆ. ಎರಡೂ ಬದಿಗೆ ಮನೆಗಳು, ಬಾಗಿಲಲ್ಲಿ ಬಟ್ಟೆ ಒಣಗಿವೆ, ಒಳಗಿನಿಂದ ಕುಕ್ಕರಿನ ಸದ್ದು. ಅಪ್ಪ ಪ್ರತಿ ಹೆಜ್ಜೆಗೂ ಊರುಗೋಲಿನಿಂದ ಹಲಗೆಯನ್ನು ತಟ್ಟಿ ಸದ್ದು ಕೇಳುತ್ತಾ ನಡೆದರು. ಒಂದು ಕಡೆ ಬಗ್ಗಿ ಕೂತು, ಎರಡು ಹಲಗೆಗಳ ಸಂದಿನಲ್ಲಿ ಬೆರಳು ತೂರಿಸಿ, ‘ಮೊಳೆ ಹೊಸದು, ಮರ ಹಳೆಯದು, ಹೋದ ವರ್ಷ ರಿಪೇರಿ ಆಗಿದೆ’ ಎಂದು ತೀರ್ಪು ಕೊಟ್ಟರು. ಎದುರು ಮನೆಯ ಅಜ್ಜಿ ಇವರನ್ನು ನೋಡಿ ಒಂದು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟರು. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆವು. ಅಪ್ಪ ಕನ್ನಡದಲ್ಲಿ, ಅಜ್ಜಿ ಚೀನೀಯಲ್ಲಿ. ನಾನು ಹನ್ನೊಂದು ಗಂಟೆಯ ಲೆಕ್ಕ ಹೇಳಿದಾಗ ಇಬ್ಬರೂ ನನ್ನನ್ನು ಒಂದೇ ರೀತಿ ನೋಡಿದರು.

ಕಾಕಿ ಲೀಮಾವನ್ನು ಅಪ್ಪ ಹತ್ತಾರು ಕಡೆ ಅಳೆದರು. ಕೆಲವು ಕಡೆ ಏಳಡಿಯೂ ಇತ್ತು, ಒಂದು ಕಡೆ ನಾಲ್ಕಕ್ಕೇ ನಿಂತಿತ್ತು. ಮೂರು ದಿನದಲ್ಲಿ ನೋಡಿದ್ದು ಮಂಡಕ್ಕಿ ಮಿರ್ಚಿಯವರು ಒಂದೂವರೆ ದಿನದಲ್ಲಿ ನೋಡಿದ್ದರ ಅರ್ಧವೂ ಇರಲಾರದು. ಖೂ ಕೊಂಗ್ಸಿ ಎಂಬ ಕುಲಭವನಕ್ಕೆ ಹೋಗಲೇ ಇಲ್ಲ, ನೀಲಿ ಮಹಲಿನ ಗೋಡೆಯನ್ನಷ್ಟೇ ಮುಟ್ಟಿ ಬಂದೆವು. ಉಚಿತ ಬಸ್ಸನ್ನು ಎರಡು ಸಲ ಹತ್ತಿದೆವು, ಕ್ಷಮಿಸಿ.

ಏಳು ಸುತ್ತು, ಚಿತ್ರದುರ್ಗ

ಕೋಟೆಯ ಬಗ್ಗೆ ಅಪ್ಪ ಏನೆಂದರು?

ತೋಟದಮನೆ, ಚನ್ನಗಿರಿ

ಗೋಡೆಯ ಮೇಲೆ ಸೆರಿ ರಂಬೈ ಎಂಬ ಡಚ್ಚರ ಕಾಲದ ಫಿರಂಗಿ ಇದೆಯಲ್ಲ, 1603ರದು, ಮಕ್ಕಳಾಗಲೆಂದು ಹೆಂಗಸರು ಹೂವಿಡುತ್ತಿದ್ದರಂತೆ. ಅದನ್ನು ಮೆಚ್ಚಿದರು. ಗೋಡೆಗೆ ಏನೂ ಹೇಳಲಿಲ್ಲ. ಮೇಷ್ಟ್ರು ಹೇಳಿದಂತೆ ಎರಡು ನಿಮಿಷ ನಿಂತೆವು. ಅಪ್ಪ ಚಪ್ಪಲಿ ಬಿಟ್ಟು ನಿಂತರು.

ನಿವೃತ್ತ ಮೇಷ್ಟ್ರು, ಹಿರಿಯೂರು

ನಮಸ್ಕಾರಗಳನ್ನು ತಿಳಿಸಿ. ಅಡಿಕೆ ಮರ ಕಂಡಿತೇ?

ತೋಟದಮನೆ, ಚನ್ನಗಿರಿ

ಹಳೆಯ ಪಟ್ಟಣದೊಳಗೆ ನಮ್ಮ ಕಣ್ಣಿಗೆ ಬಿದ್ದದ್ದು ಬಾವುಟದ ಮೇಲಿನದು ಮಾತ್ರ. ಪೆನಾಂಗ್ ರಾಜ್ಯದ ಬಾವುಟದಲ್ಲಿ ಅಡಿಕೆ ಮರವಿದೆ. ಒಂದು ಸರ್ಕಾರಿ ಕಟ್ಟಡದ ಮುಂದೆ ಅದು ಗಾಳಿಗೆ ಬಿಚ್ಚಿಕೊಳ್ಳುವವರೆಗೂ ಕಾದು, ನೋಡಿ, ‘ಗೊನೆಯೇ ಸರಿಯಾಗಿ ಕಾಣಲಿಲ್ಲವಲ್ಲ’ ಎಂದರು. ಕೊನೆಯ ಸಂಜೆ ಲಿಟಲ್ ಇಂಡಿಯಾದ ಹೂವಿನ ಅಂಗಡಿಯಲ್ಲಿ ವೀಳ್ಯದೆಲೆಯ ಪಕ್ಕ ಒಂದು ಡಬ್ಬಿಯಲ್ಲಿ ಹೋಳು ಅಡಿಕೆ ಸಿಕ್ಕಿತು. ಅಪ್ಪ ಒಂದನ್ನು ಹಲ್ಲಿಗೆ ಇಟ್ಟು ಕಡಿದರು, ಅರ್ಧವನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು, ಎಲ್ಲಿಯದೆಂದು ನನ್ನ ಮುರುಕು ತಮಿಳಿನಲ್ಲಿ ಕೇಳಿಸಿದರು. ಅಂಗಡಿಯವನಿಗೂ ತಿಳಿದಿರಲಿಲ್ಲ. ‘ಒಣಗಿಸಿದ್ದು ಸಾಲದು’ ಎಂದು ಅವನಿಗೇ ಹೇಳಿ, ಆದರೂ ಎರಡು ರಿಂಗಿಟ್‌ನದು ಕಟ್ಟಿಸಿಕೊಂಡರು. ವಿಮಾನ ಹತ್ತುವ ಮುಂಚೆ ಎಲ್ಲವನ್ನೂ ಮುಗಿಸಿದ್ದರು ಮೇಷ್ಟ್ರೇ, ಒಂದು ಹೋಳನ್ನೂ ತಂದಿಲ್ಲ.